ಗೋಡೆ ಹತ್ತಿದ ಬೊಟ್ಟುಗಳು

ನಮ್ಮ ಅಡುಗೆಮನೆಯ ಸುಣ್ಣದ ಗೋಡೆಯ ಮೇಲೆ ಕುಂಕುಮದ ಬೊಟ್ಟುಗಳು ಒಂದರ ಮೇಲೊಂದು ಏರಿದ್ದವು. ಅವು ಅಕ್ಕನ ಬಲಗೈ ಏರಿದ ಎತ್ತರ.

ಮದುವೆಯಾಗದೆ ಉಳಿದ ಶೇಷಕ್ಕ, ನನ್ನ ಹೆಂಡತಿ ತೀರಿಕೊಂಡ ಮೇಲೆ ಮನೆ ನಡೆಸುತ್ತಿದ್ದಳು. ಬಚ್ಚಲಲ್ಲಿ ಜಾರಿ ಬಿದ್ದು ಅವಳ ಬಲಭುಜ ಬಿಗಿದುಕೊಂಡಿತು. ದಿನವೂ ಅರ್ಧ ಗಂಟೆ ಬೆರಳುಗಳನ್ನು ಗೋಡೆಯ ಮೇಲೆ ಮೆಲ್ಲಗೆ ಹತ್ತಿಸಬೇಕು, ಇಲ್ಲವಾದರೆ ಕೀಲು ಹಾಗೇ ಕೂತುಬಿಡುತ್ತದೆ ಎಂದರು ವೈದ್ಯರು. ಕೈ ತಲುಪಿದಲ್ಲಿ ಬೊಟ್ಟಿಡುವ ಉಪಾಯ ನನ್ನದು. ಅಮ್ಮನವರ ಗುಡಿಯ ತೂಗುದೀಪವನ್ನು ನಲವತ್ತು ವರ್ಷ ಹಚ್ಚಿದವಳಿಗೆ ಮತ್ತೆ ಹಚ್ಚಬೇಕೆಂಬುದೊಂದೇ ಆಸೆ. ಆ ದೀಪದ ಎತ್ತರಕ್ಕೆ ಗೆರೆ ಎಳೆದಿಟ್ಟೆ.

"ಹೊತ್ತೆಲ್ಲಿದೆಯೋ ತಮ್ಮಯ್ಯ?" ಎನ್ನುತ್ತಿದ್ದಳು.

"ನಾನು ಒಂದು ದಿನವಾದ್ರೂ ವಾಕಿಂಗ್ ತಪ್ಪಿಸಿದ್ದೀನಾ? ಮನಸ್ಸಿದ್ರೆ ಹೊತ್ತು ತಾನಾಗೇ ಸಿಗುತ್ತೆ."

"ಕೆಲ್ಸ ಇಲ್ದೋರು ಊರು ಅಳೀತಾರಪ್ಪ. ನನಗೆ ಒಲೆಗೂ ಬಚ್ಚಲಿಗೂ ಓಡಾಡೋದ್ರಲ್ಲೇ ದಿನಕ್ಕೊಂದು ಕಾಶಿಯಾತ್ರೆ ಆಗುತ್ತೆ."

ಒಮ್ಮೆ ಸಿಟ್ಟಿನಲ್ಲಿ ಅಂದುಬಿಟ್ಟೆ: "ನಿನಗೆ ದೇವಿ ಮೇಲೆ ಭಕ್ತಿ ಇದ್ದಿದ್ರೆ ಮಾಡ್ತಿದ್ದೆ." ಆ ಮಾತಾಡಿದ ನಾಲಿಗೆಯಲ್ಲೇ ಇಂದಿಗೂ ದೇವಿಯ ನಾಮ ಹೇಳುತ್ತೇನೆ.

ಮರುದಿನದಿಂದ ಬೊಟ್ಟುಗಳು ಏರತೊಡಗಿದವು. ವಾಕಿಂಗ್ ಮುಗಿಸಿ ಬಂದವನು ಮೊದಲು ಗೋಡೆ ನೋಡಿ ಹಿಗ್ಗುತ್ತಿದ್ದೆ. ಎರಡು ತಿಂಗಳಿಗೆ ಬೊಟ್ಟು ಗೆರೆ ಮುಟ್ಟಿತು.

ಅವಳು ಬೇಡವೆಂದರೂ ಶುಕ್ರವಾರ ಗುಡಿಗೆ ಕರೆದೊಯ್ದೆ. ಅರ್ಚಕರು ಉರಿಯುವ ಬತ್ತಿ ಕೊಟ್ಟು, "ಬನ್ನಿ ಶೇಷಮ್ಮ, ದೀಪ ನಿಮಗೇ ಕಾಯ್ತಿದೆ" ಎಂದರು.

ಅಕ್ಕನ ಬಲಗೈ ಎದೆಯವರೆಗೆ ಬಂದು ನಿಂತಿತು. ಬೆರಳಿನಷ್ಟೂ ಮೇಲೇರಲಿಲ್ಲ. ಅರ್ಚಕರೇ ಬತ್ತಿ ತೆಗೆದುಕೊಂಡು ದೀಪ ಹಚ್ಚಿದರು.

ಹೊರಗೆ ಜಗಲಿಯ ಮೇಲೆ ಕೂತು ಕೇಳಿದೆ, "ಆ ಬೊಟ್ಟುಗಳು?"

"ಎಡಗೈಯಲ್ಲಿ ಇಟ್ಟೆ ಕಣೋ. ನೀನು ತಿರುಗಿ ಬರೋಷ್ಟರಲ್ಲಿ ನೀರು ಕಾಯ್ಬೇಕು, ದೋಸೆ ಆಗ್ಬೇಕು, ಪಂಚೆ ಒಗೆದಿರ್ಬೇಕು." ಸೆರಗಿನಿಂದ ಬಲಗೈ ಮುಚ್ಚಿಕೊಂಡಳು. "ದೇವಿಗೆ ಎಡಗೈ ಎತ್ತೋ ಹಾಗಿಲ್ಲ. ನಿನಗೆ ನಡೆಯುತ್ತೆ ಅಂದ್ಕೊಂಡೆ."

ವೈದ್ಯರು ಭುಜ ಮುಟ್ಟಿ ನೋಡಿ, ತಡವಾಯಿತೆಂದರು.

ಮರುದಿನ ಬೆಳಗ್ಗೆ ನಾನು ಚಪ್ಪಲಿ ಮೆಟ್ಟಲಿಲ್ಲ. ಒಲೆ ಹಚ್ಚಿ ನೀರಿಟ್ಟೆ. "ಹೊಗೆ ಎಬ್ಬಿಸ್ತೀಯ, ಬಿಡೋ" ಎಂದಳು, ನಾನು ಬಿಡಲಿಲ್ಲ. ಮಾಡಲು ಏನೂ ಇಲ್ಲದೆ ಅಕ್ಕ ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕೂತಳು. ಬೇಲಿಯಾಚೆಯಿಂದ ಬಿಸಿಲು ಮೊದಲು ಅವಳ ಬಿಳಿಗೂದಲಿಗೆ, ಆಮೇಲೆ ಹೆಗಲಿಗೆ, ಕೊನೆಗೆ ಮಡಿಲಲ್ಲಿ ಎಡಗೈ ಹಿಡಿದುಕೊಂಡಿದ್ದ ಬಲಗೈಗೆ ಇಳಿಯಿತು.