ಎಂಟು ಹಾಡುಗಳ ಆಲ್ಬಂ

ನಾಗಶ್ರೀ ಗಂಡನ ಹಣೆಗೆ ಮೂರನೇ ಸಲ ವಿಭೂತಿ ಬಳಿಯುತ್ತಿದ್ದಳು. ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದ್ದ ಮಲ್ಲೇಶನ ತಲೆ ಮತ್ತೆ ಮತ್ತೆ ಎಡಕ್ಕೆ ವಾಲುತ್ತಿತ್ತು. ಬದುಕಿದ್ದಾಗಲೂ ಅಷ್ಟೇ, ಯಾರೇನು ಹೇಳಿದರೂ ಹೀಗೇ ತಲೆ ವಾಲಿಸಿ ಒಪ್ಪಿಕೊಳ್ಳುತ್ತಿದ್ದ ಮನುಷ್ಯ. ನಿನ್ನೆ ಮೂಡಿಗೆರೆಯ ತನ್ನ ಹಾರ್ಡ್‌ವೇರ್ ಅಂಗಡಿಯಲ್ಲಿ ಗಿರಾಕಿಗೆ ಮೊಳೆ ತೂಗುತ್ತಲೇ ಕುಸಿದಿದ್ದ.

ಅವನು ಡ್ರಮ್ಸ್ ಬಾರಿಸುತ್ತಿದ್ದ ಬ್ಯಾಂಡಿನವರು ಬಂದರು. ಮುಂದೆ ಹಾಡುಗಾರ ದಿಲೀಪ್, ಇನ್ನೂರು ಎಕರೆ ಎಸ್ಟೇಟಿನ ಒಡೆಯ. ಹಿಂದೆ ಗಿಟಾರಿನ ತನ್ಮಯ್. ಇಬ್ಬರ ಮೈಮೇಲೂ ಬ್ಯಾಂಡಿನ ಹೆಸರು ಬರೆದ ಕಪ್ಪು ಟೀ ಶರ್ಟು. ಸಾವಿಗೂ ಯೂನಿಫಾರ್ಮು, ಎಂದುಕೊಂಡಳು.

“ಅಕ್ಕ, ಇವತ್ತೇ ಆಲ್ಬಂ ರಿಲೀಸು,” ಅಂದ ದಿಲೀಪ್. “ಮುಂದೆ ಹಾಕೋಣ ಅಂತಿದ್ವಿ. ಆದ್ರೆ ಮಲ್ಲೇಶನಿಗೇ ಅರ್ಪಣೆ ಮಾಡಿದ್ರೆ ಚೆನ್ನಾಗಿರುತ್ತಲ್ಲ. ದೇವರಮನೆ ಗುಡ್ಡದ ಮೇಲೆ ಡ್ರಮ್ಸ್ ಬಾರಿಸಿದ್ನಲ್ಲ, ಆ ವಿಡಿಯೋ ಬಿಡ್ತೀವಿ. ಅವನ ಕೊನೇ ವಾದನ ಅಂತ. ನೀವು ಹ್ಞೂಂ ಅಂದ್ರೆ ಸಾಕು.”

ಪಕ್ಕದ ಮನೆಯ ಗಿಡ್ಡಮ್ಮ ಮೂಗೊರೆಸಿಕೊಂಡಳು. “ಎಂಥಾ ದೊಡ್ಡ ಮನಸ್ಸು ನೋಡು ಮಾರಾಯ್ತಿ.”

*

ಹನ್ನೊಂದು ವರ್ಷ, ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿದವನೇ ಮಲ್ಲೇಶ ದಿಲೀಪನ ಕಾಫಿ ಗೋಡೌನಿಗೆ ಓಡುತ್ತಿದ್ದ. ಆಲ್ಬಮ್ಮಿಗೆಂದು ಬೆಂಗಳೂರಿನ ಸ್ಟುಡಿಯೋದಲ್ಲಿ ನಾಲ್ಕು ದಿನ ಬಾರಿಸಿ ಬಂದ. ತಿಂಗಳಾದ ಮೇಲೆ ಅದನ್ನೆಲ್ಲ ಅಳಿಸಿ ಕಂಪ್ಯೂಟರಿನ ಡ್ರಮ್ಸ್ ಹಾಕಿದರು.

“ಲಯ ಸ್ವಲ್ಪ ಜಾರ್ತಿತ್ತಂತೆ,” ಅಂದ, ಊಟದ ತಟ್ಟೆ ನೋಡುತ್ತ. “ವಿಡಿಯೋಗೆ ಮಾತ್ರ ಬಾ ಅಂದಿದ್ದಾರೆ. ಬಾರಿಸೋ ಹಾಗೆ ಮಾಡಿದ್ರೆ ಆಯ್ತು.”

“ಮಾನ ಇಲ್ವಾ ನಿಮ್ಗೆ?”

ಹೋದ. ದೇವರಮನೆ ಗುಡ್ಡಕ್ಕೆ ಅವರ ಸಾಮಾನನ್ನೂ ತಾನೇ ಹೊತ್ತು, ಗಾಳಿಯಲ್ಲಿ ಕೂತು, ಸದ್ದಾಗದಂತೆ ಕೈಯಾಡಿಸಿ ಬಂದ. ವಾರವಿಡೀ ನಾಗಶ್ರೀ ಅವನೊಂದಿಗೆ ಮಾತಾಡಲಿಲ್ಲ. ಆ ಮುಖ ನೋಡಿದರೆ ಹೇಸಿಗೆಯಾಗುತ್ತಿತ್ತು.

*

“ಆಲ್ಬಮ್ಮಲ್ಲಿ ಎಂಟು ಹಾಡು ಇದಾವಲ್ಲ,” ಅಂದಳು ನಾಗಶ್ರೀ, “ಯಾವುದ್ರಲ್ಲಿ ಇವರ ಕೈ ಇದೆ?”

ದಿಲೀಪ್ ತನ್ಮಯನನ್ನು ನೋಡಿದ. ತನ್ಮಯ್ ಅಂಗಳದ ಚಪ್ಪಲಿಗಳನ್ನು ನೋಡಿದ.

“ಅದು ಟೆಕ್ನಿಕಲ್ ವಿಷ್ಯ ಅಕ್ಕ. ಇಲ್ಯಾಕೆ.”

“ಇಲ್ಲೇ ಹೇಳಿ. ಅವರೂ ಕೂತಿದ್ದಾರಲ್ಲ.”

“ಯಾವುದ್ರಲ್ಲೂ ಇಲ್ಲ.” ದಿಲೀಪ್ ಟೀ ಶರ್ಟಿನ ಅಂಚು ಎಳೆದುಕೊಂಡ. ಗಿಡ್ಡಮ್ಮನ ಅಳು ನಿಂತಿತು.

“ಹಾಗಾದ್ರೆ ಆ ಕಂಪ್ಯೂಟರಿನ ಫೋಟೋಗೇ ಹಾರ ಹಾಕಿ ಬಿಡಿ. ಇವರ ಕೊನೇ ವಾದನ ನೀವು ಅಳಿಸಿ ಆಗಿದೆ. ಆ ವಿಡಿಯೋ ಬೇಡ.”

ಅಷ್ಟರಲ್ಲಿ ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಮಲ್ಲೇಶನ ಎಡಗೈಯಲ್ಲಿ ಅವನ ಇಷ್ಟಲಿಂಗ ಇಡಬೇಕೆಂದರು. ಮುಷ್ಟಿ ಬಿಗಿದಿತ್ತು. ನಾಗಶ್ರೀ ಒಂದೊಂದೇ ಬೆರಳು ಬಿಡಿಸಿದಳು. ಹೆಬ್ಬೆರಳಿನ ಬುಡದಲ್ಲಿ, ತೋರುಬೆರಳಿನ ಒಳಮಗ್ಗುಲಲ್ಲಿ, ಡ್ರಮ್ಸ್ ಕೋಲು ಹಿಡಿದೂ ಹಿಡಿದೂ ಚರ್ಮ ಹಳದಿಯಾಗಿ ಜಡ್ಡುಗಟ್ಟಿತ್ತು. ನಡುವಿನ ಕುಳಿಯಲ್ಲಿ ಲಿಂಗ ಅಲುಗದೆ ಕೂತಿತು.

ದಿಲೀಪ್ ಫೋಟೋ ತೆಗೆಯಲು ಮೆಲ್ಲಗೆ ಮೊಬೈಲು ಎತ್ತಿದ. ಅವಳು ಸೆರಗೆಳೆದು ಆ ಅಂಗೈ ಮುಚ್ಚಿದಳು.