ಬಾಣದ ಬಾಲ

"ಬಾಣ ಇನ್ನೂ ಉದ್ದ ಎಳೀಮ್ಮ. ಗ್ಯಾಲಕ್ಸಿಗೆ ಹೋಗಿ ತಾಗಬೇಕು," ಎಂದರು ಗುಡುಗು ಮೇಷ್ಟ್ರು, ಅವಳ ಕುರ್ಚಿಯ ಹಿಂದೆ ನಿಂತು.

ಪ್ರಯೋಗಾಲಯದ ಹಿರಿಯರಾದ ಅವರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಅವರು ಪಿಸುಗುಟ್ಟಿದರೂ ಎದುರು ಕಟ್ಟಡದವರು ಒಣಹಾಕಿದ ಬಟ್ಟೆ ಒಳಗೆ ತರುತ್ತಿದ್ದರು. ಇವತ್ತು ಸಂಜೆ ಪತ್ರಿಕೆಯವರ ಮುಂದೆ ನಿಂತು, ನ್ಯೂಟ್ರಿನೊ ಎಂಬ ಕಳ್ಳಕಣದ ತವರುಮನೆ ಸಿಕ್ಕಿತು ಎಂದು ಸಾರುವವರಿದ್ದರು.

ಅಂಥಿಂಥ ಕಣವಲ್ಲ ಅದು. ಬೆಟ್ಟ, ಸಮುದ್ರ, ಇಡೀ ಭೂಮಿಯನ್ನೇ ಯಾರ ಅಪ್ಪಣೆಯನ್ನೂ ಕೇಳದೆ ತೂರಿಕೊಂಡು ಹೋಗುವಂಥದ್ದು. ಕೋಟಿ ಕೋಟಿಗೊಂದು, ದೂರದ ಹಿಮದಾಳಕ್ಕೆ ಇಳಿಬಿಟ್ಟ, ಬೆಳಕು ಹಿಡಿಯುವ ಗಾಜಿನ ಕಣ್ಣುಗಳ ನಡುವೆ ಎಡವಿ, ಚೂರು ನೀಲಿ ಬೆಳಕು ಚೆಲ್ಲುತ್ತದೆ. ಆ ಬೆಳಕಿನ ಗೆರೆ ಹಿಡಿದು, ಕಣ ಆಕಾಶದ ಯಾವ ಮೂಲೆಯಿಂದ ಹೊರಟಿತ್ತು ಎಂದು ಲೆಕ್ಕ ಹಾಕುವುದು ಅವಳ ಕೆಲಸ. ಅದರಲ್ಲಿ ಅವಳನ್ನು ಮೀರಿಸುವವರು ಭೂಮಿಯ ಮೇಲಿರಲಿಲ್ಲ. ಭೂಮಿಯ ಆಚೆಯೂ ಅನುಮಾನವೇ.

ಕಳೆದ ವಾರ ಅಂಥ ಕಣವೊಂದು ಸಿಕ್ಕಾಗ ಅವಳು ಮೊದಲು ಫೋನ್ ಮಾಡಿದ್ದು ತಂಗಿಗೆ. ತಂಗಿ ಬೆಟ್ಟದ ಮೇಲಿನ ದೊಡ್ಡ ದೂರದರ್ಶಕದವಳು. ಅಪರೂಪಕ್ಕೆ ಮಂಕಾಗುವ ನಕ್ಷತ್ರವೊಂದನ್ನು ನೋಡಲು ಕಾಡಿ ಬೇಡಿ ದಕ್ಕಿಸಿಕೊಂಡ ರಾತ್ರಿ ಅದು. ಅಕ್ಕ ಹೇಳಿದಳು ಎಂಬ ಒಂದೇ ಕಾರಣಕ್ಕೆ ಅದನ್ನು ಬಿಟ್ಟು ದೂರದರ್ಶಕ ತಿರುಗಿಸಿದಳು. ಅಕ್ಕ ತೋರಿಸಿದ ಜಾಗದಲ್ಲೇ ಒಂದು ಗ್ಯಾಲಕ್ಸಿ ಧಗಧಗ ಉರಿಯುತ್ತಿತ್ತು. ಅಕ್ಕತಂಗಿಯರು ಹಾಕಿದ ಕೇಕೆಗೆ ಫೋನ್ ಕಂಬಗಳೇ ಅಲ್ಲಾಡಿರಬೇಕು.

ಈಗ ಅವಳು ಕಣದ ಹಾದಿ ತೋರಿಸುವ ಬಾಣ ಎಳೆದಳು. ಪರದೆಯ ಮೇಲೆ ಬಾಣದ ಮೂತಿ ಗ್ಯಾಲಕ್ಸಿಯನ್ನು ಮುಟ್ಟಿತು. ಮೂತಿ. ಬಾಲವಲ್ಲ.

ಅವಳ ಕೈ ನಿಂತಿತು. ಗಾಜಿನ ಕಣ್ಣುಗಳು ಹೊತ್ತಿಕೊಂಡ ಸರದಿಯನ್ನು ಮತ್ತೆ ಓಡಿಸಿ ನೋಡಿದಳು: ಮೊದಲು ಕೆಳಗಿನವು, ಆಮೇಲೆ ಮೇಲಿನವು. ಕಣ ನೆಲದಡಿಯಿಂದ ಬಂದಿತ್ತು. ಗ್ಯಾಲಕ್ಸಿ ಇದ್ದದ್ದು ಹಿಮದ ಮೇಲಣ ಆಕಾಶದಲ್ಲಿ. ಹಳೆಯ ಪ್ರೋಗ್ರಾಮಿನಲ್ಲಿ 'ದಿಕ್ಕು' ಎಂದರೆ ಬಂದ ದಿಕ್ಕು. ಅವಳು ಈಚೆಗೆ ಬರೆದದ್ದರಲ್ಲಿ 'ದಿಕ್ಕು' ಎಂದರೆ ಹೋಗುವ ದಿಕ್ಕು. ನಡುವೆ ಒಮ್ಮೆ ತಿರುಗಿಸಬೇಕಿತ್ತು, ತಿರುಗಿಸಿರಲಿಲ್ಲ.

"ಸರ್, ಇದು ಅಲ್ಲಿಂದ ಬಂದಿಲ್ಲ. ಅಲ್ಲಿಗೆ ಹೋಗ್ತಿದೆ."

ಮೇಷ್ಟ್ರು ಪರದೆ ನೋಡಿದರು, ಬಾಣ ನೋಡಿದರು, ಸಂಜೆಗೆಂದು ಇಸ್ತ್ರಿ ಮಾಡಿಸಿದ್ದ ತಮ್ಮ ಅಂಗಿಯ ತೋಳು ನೋಡಿಕೊಂಡರು. ಹುಟ್ಟಿದಾಗಿನಿಂದ ಮೊದಲ ಸಲ ಅವರ ದನಿ ಕೋಣೆ ದಾಟಲಿಲ್ಲ. "ಪತ್ರಿಕೆಯವರಿಗೆ ನಾನು ಹೇಳ್ತೀನಿ. ನಿನ್ನ ತಂಗಿಗೆ ನೀನೇ ಹೇಳಮ್ಮ."

ಪತ್ರಿಕೆಯವರೇ ವಾಸಿ ಎನಿಸಿತು ಅವಳಿಗೆ. ಕತ್ತಲಾಗುವ ಹೊತ್ತಿಗೆ ಫೋನ್ ಹಚ್ಚಿದಳು.

"ಏನಕ್ಕ, ಟೀವೀಲಿ ಬರೋಕೆ ಯಾವ ಬಟ್ಟೆ ಅಂತ ಕೇಳೋಕಾ?"

"ಬಾಣ ತಿರುಗುಮುರುಗು ಆಗಿದೆ ಕಣೇ. ತಪ್ಪು ನಂದೇ."

ಆ ಕಡೆ ಪೆನ್ನೊಂದು ಬಿದ್ದು ಉರುಳಿತು. ಅದು ನಿಲ್ಲುವಷ್ಟರಲ್ಲಿ ನ್ಯೂಟ್ರಿನೊ ಸೂರ್ಯನನ್ನೇ ತೂರಿಕೊಂಡು ಹೋಗಿರುತ್ತಿತ್ತು.

"ಅಂದ್ರೆ ನನ್ನ ನಕ್ಷತ್ರ ಬಿಟ್ಟು ನಾನು ನೋಡಿದ್ದು..."

"ಗ್ಯಾಲಕ್ಸಿ ಉರಿದಿದ್ದು ನಿಜ. ನಮ್ಮ ಕಣಕ್ಕೂ ಅದಕ್ಕೂ ಸಂಬಂಧ ಇಲ್ಲ."

"ಚಿಕ್ಕವಳಿದ್ದಾಗ ನನ್ನ ಎಡಗಾಲಿಗೆ ಬಲಗಾಲಿನ ಶೂ ಹಾಕಿ ಸ್ಕೂಲಿಗೆ ಕಳಿಸಿದ್ದೆ ನೀನು. ಅವತ್ತೇ ಗೊತ್ತಾಗಬೇಕಿತ್ತು ನಂಗೆ."

"ಬೈಯಿ. ಇನ್ನೂ ಬೈಯಿ."

"ಆ ನಕ್ಷತ್ರ ಮತ್ತೆ ಮಂಕಾಗೋದು ಇನ್ನು ಒಂಬತ್ತು ವರ್ಷಕ್ಕೆ. ಅಲ್ಲೀವರೆಗೂ ಬೈತಾನೇ ಇರ್ತೀನಿ, ಅವಸರ ಏನಿದೆ? ಈಗ ಎದುರು ದಿಕ್ಕು ಎಲ್ಲಿ, ಹೇಳು."

ಅವಳು ಅಂಕಿಗಳನ್ನು ಓದಿದಳು. "ಇದು ಬಂದ ದಿಕ್ಕು," ಎಂದಳು. ಪರದೆಯನ್ನು ಇನ್ನೊಮ್ಮೆ ನೋಡಿ ಮತ್ತೆ, "ಬಂದ ದಿಕ್ಕು," ಎಂದಳು.

"ನಿನ್ನ ಗ್ಯಾಲಕ್ಸಿ ಇನ್ನೇನು ಪಶ್ಚಿಮದಲ್ಲಿ ಮುಳುಗುತ್ತೆ. ಈ ಹೊಸ ಜಾಗ ಇನ್ನೂ ನನ್ನ ಕಾಲಡಿ ಇದೆ. ಅದು ಇಳಿದ ಮೇಲೆ ಇದು ಪೂರ್ವದಲ್ಲಿ ಏಳಬೇಕು. ಫೋನ್ ಇಡಬೇಡ."

ಅತ್ತ ದೂರದರ್ಶಕದ ಗುಮ್ಮಟ ತಿರುಗತೊಡಗಿತು. ಕಬ್ಬಿಣದ ಗಾಲಿಗಳ ಕಿರುಗುಟ್ಟುವಿಕೆ ಫೋನಿನಲ್ಲಿ ದೂರದಿಂದ ಹತ್ತಿರಕ್ಕೆ ಸರಿದು ನಿಂತಿತು.

"ಏನಾದ್ರೂ ಕಾಣ್ತಾ?"

"ಪೂರ್ವದ ಬೆಟ್ಟದ ಅಂಚಷ್ಟೇ ಕಾಣ್ತಿದೆ. ಇರು."

ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು. ತಂಗಿಯ ಉಸಿರು, ಅದರ ಹಿಂದೆ ತೆರೆದ ಗುಮ್ಮಟದೊಳಗೆ ಬೀಸುವ ಗಾಳಿ.