ಬಾಳೆಕಾಯಿ ಸಾರಿಗೆ ಬಿದ್ದದ್ದು

ಹೊಸನಗರದ ಬಸದಿಕೇರಿಯ ಚರಿತ್ರೆಯನ್ನು ಮುಂದೆಂದಾದರೂ ಯಾರಾದರೂ ಬರೆಯುವುದಾದರೆ, ಮಾಘಮಾಸದ ಒಂದು ಬುಧವಾರ ಬೆಳಿಗ್ಗೆ ಜಿನಶ್ರೀಯ ಬಾಳೆಕಾಯಿ ಸಾರಿಗೆ ಎಂಟು ಎಸಳು ಬೆಳ್ಳುಳ್ಳಿ ಬಿದ್ದ ಸಂಗತಿಯನ್ನು ಬಿಡುವ ಹಾಗಿಲ್ಲ. ಹಿಂದಿನ ಕಾಲವಾಗಿದ್ದರೆ ಬಸದಿಯ ಅಂಗಳದಲ್ಲಿ ಅದಕ್ಕೂ ಒಂದು ಶಾಸನದ ಕಲ್ಲು ನಿಲ್ಲುತ್ತಿತ್ತು. ಮೇಲೆ ಸೂರ್ಯ ಚಂದ್ರ, ಕೆಳಗೆ ಶಾಪ.

ಬೆಳ್ಳುಳ್ಳಿ ಬಿದ್ದ ಸುದ್ದಿ ಬಂದಾಗ ಜಿನಶ್ರೀ ದೋಸೆ ಮಗುಚುತ್ತಿದ್ದಳು. ಡಬ್ಬಿಗೆ ಒರಗಿಸಿಟ್ಟ ಫೋನು ಟಿಣ್ ಎಂದಿತು. ಮೇಳಿಗೆಯ ಚಿಕ್ಕಮ್ಮ ಒಂದು ಲಿಂಕ್ ಕಳಿಸಿ, ಅದರ ಕೆಳಗೆ "ಇದು ನೀನೇಯೇನೇ?" ಎಂದು ಕೇಳಿದ್ದರು. ಒತ್ತಿದರೆ ಅವಳದೇ ಫೋಟೋ, ತಮ್ಮನ ಮದುವೆಯಲ್ಲಿ ರೇಷ್ಮೆ ಸೀರೆಯುಟ್ಟು ನಕ್ಕಿದ್ದು. ಮೇಲೆ ಕೆಂಪಕ್ಷರದಲ್ಲಿ: 'ಮಲೆನಾಡ ಜೈನರ ಮನೆಯ ಬೆಳ್ಳುಳ್ಳಿ ಒಗ್ಗರಣೆಯ ಬಾಳೆಕಾಯಿ ಸಾರು! ಐದನೆಯ ಗುಟ್ಟು ಕೇಳಿದರೆ ಬೆರಗಾಗುತ್ತೀರಿ!' ಬರೆದವರು: ಜಿನಶ್ರೀ ಜಿನೇಶ್, ಹೊಸನಗರ.

ಕೇಳಿ ಬೆರಗಾದವರಲ್ಲಿ ಜಿನಶ್ರೀಯೇ ಮೊದಲನೆಯವಳು. ದೋಸೆ ಸೀಯಿತು.

'ಬರಹಸಂತೆ' ಎಂಬುದು ಫೋನಿನೊಳಗಿನ ಸಂತೆ. ಯಾರು ಬೇಕಾದರೂ ಬರೆಯಬಹುದು, ಓದಿದವರ ತಲೆ ಎಣಿಸಿ ಪೈಸೆ ಕೊಡುತ್ತಾರೆ. ಸಾಗರದ ಕಾಲೇಜಿನಲ್ಲಿ ಕನ್ನಡ ಮೇಜರ್ ಓದಿ, ಮದುವೆಯಾದ ಮೇಲೆ ಪತ್ರಿಕೆಗಳಿಗೆ ಕಳಿಸಿದ್ದೆಲ್ಲ 'ಸ್ಥಳಾಭಾವ'ದಿಂದ ಹಿಂದಕ್ಕೆ ಬಂದು ಸುಮ್ಮನಾಗಿದ್ದ ಜಿನಶ್ರೀಗೆ, ಸ್ಥಳಾಭಾವವೇ ಇಲ್ಲದ ಆ ಜಾಗ ಸ್ವರ್ಗದಂತೆ ಕಂಡಿತ್ತು. ಹೊಳೆಬಾಗಿಲಿನ ಲಾಂಚಿನಲ್ಲಿ ಕಂಡ ಮುದುಕಿಯ ಬಗ್ಗೆ ಬರೆದಳು. ತಾಳಗುಪ್ಪದಲ್ಲಿ ರೈಲು ಬಂದು ನಿಂತ ಮೇಲಿನ ಮೌನದ ಬಗ್ಗೆ ಬರೆದಳು; ಅದನ್ನು ಓದಿದವರೂ ಮೌನವಾಗಿಯೇ ಇದ್ದರು. ಕೊನೆಗೆ ಅತ್ತೆ ಧರ್ಮಾವತಿಯವರ ಬಾಳೆಕಾಯಿ ಸಾರಿನ ಬಗ್ಗೆ ಬರೆದಳು. ಕಾಯಿಯನ್ನು ನೀರೊಳಗೇ ಹೆಚ್ಚುವುದು, ಹೊತ್ತು ಮುಳುಗುವ ಮೊದಲು ಊಟ ಮುಗಿಸಬೇಕೆಂದು ಅತ್ತೆ ಬಾಗಿಲಿನ ನೆರಳನ್ನೇ ಗಡಿಯಾರ ಮಾಡಿಕೊಂಡಿರುವುದು, ಎಲ್ಲವನ್ನೂ. ಕಳಿಸುವಾಗ ಕೆಳಗೊಂದು ಚೌಕವಿತ್ತು: 'ನಮ್ಮ ಸಹಾಯಕ ನಿಮ್ಮ ಬರಹವನ್ನು ಚಂದ ಮಾಡಬಹುದೇ?' ಅಲ್ಪವಿರಾಮ ಗಿಲ್ಪವಿರಾಮ ಸರಿಮಾಡುತ್ತಾರೇನೋ ಎಂದು ಟಿಕ್ ಹಾಕಿದ್ದಳು.

"ಎಂತ ಸೀದ ವಾಸ್ನೆ?" ಎನ್ನುತ್ತ ಧರ್ಮಾವತಿ ಮಂಡಿ ಹಿಡಿದುಕೊಂಡು ಬಂದರು. ಜಿನಶ್ರೀ ಫೋನನ್ನು ಅವರ ಮುಂದೆ ಹಿಡಿದಳು. ಅತ್ತೆ ಕನ್ನಡಕ ಏರಿಸಿ ಅಕ್ಷರ ಅಕ್ಷರವಾಗಿ ಓದುತ್ತ ಹೋಗಿ, ಒಂದು ಕಡೆ ನಿಂತರು.

"ಇದ್ರಾಗೆ ಅದ್ರ ಹೆಸ್ರು ಐತಲ್ಲೇ."

"ನಾನು ಬರ್ದಿದ್ದಲ್ಲ ಅತ್ತೆ."

"ಫೋಟೋ ನಿಂದು, ಹೆಸ್ರು ನಿಂದು, ಸಾರು ನಂದು. ಮತ್ಯಾರು ಬರೆದ್ರು, ಬಸದಿ ಪುರೋಹಿತ್ರಾ?"

ಧರ್ಮಾವತಿಯವರು ಸಿಟ್ಟಿನಲ್ಲೂ ಆ ವಸ್ತುವಿನ ಹೆಸರೆತ್ತಲಿಲ್ಲ. ಆ ಮನೆಯಲ್ಲಿ ಅದನ್ನು ತಿನ್ನುವುದು ಹಾಗಿರಲಿ, ಒಲೆಯ ಮುಂದೆ ಅದರ ಹೆಸರನ್ನೂ ಹೇಳುವ ರೂಢಿಯಿಲ್ಲ. 'ಅದು' ಎಂದರೆ ಬೆಳ್ಳುಳ್ಳಿ, 'ಅದರಣ್ಣ' ಎಂದರೆ ಈರುಳ್ಳಿ.

ಸಮಯವೂ ಕೆಟ್ಟದಾಗಿತ್ತು. ಊರೂರು ನಡೆದುಕೊಂಡೇ ಹೋಗುವ ಮುನಿಗಳೊಬ್ಬರು ಭಾನುವಾರ ಹೊಸನಗರಕ್ಕೆ ಬರುವವರಿದ್ದರು, ಒಂದೇ ದಿನದ ಮಟ್ಟಿಗೆ. ಮುನಿಗಳದು ದಿನಕ್ಕೆ ಒಂದೇ ಊಟ, ನಿಂತುಕೊಂಡು, ಬೊಗಸೆಯಲ್ಲಿ, ಒಂದೇ ಮನೆಯಲ್ಲಿ. ಯಾರ ಮನೆ ಎಂಬುದು ಮೊದಲೇ ಯಾರಿಗೂ ತಿಳಿಯುವುದಿಲ್ಲ. ಅವರು ಮನಸ್ಸಿನಲ್ಲೇ ಒಂದು ಸಂಕಲ್ಪ ಮಾಡಿಕೊಂಡು ಹೊರಡುತ್ತಾರೆ, ಅದಕ್ಕೆ ಹೊಂದಿದ ಬಾಗಿಲಲ್ಲಿ ನಿಲ್ಲುತ್ತಾರೆ. ಬೇಕಾದವರು ಮಡಿಯಲ್ಲಿ ಅಡುಗೆ ಮಾಡಿ ಬಾಗಿಲಲ್ಲಿ ಕಳಶ ಹಿಡಿದು ಕಾಯಬೇಕು. ಧರ್ಮಾವತಿ ಸೊಸೆಯಾಗಿ ಬಂದಂದಿನಿಂದ ಕಾದಿದ್ದಾರೆ. ಎಷ್ಟೋ ಮುನಿಗಳು ಆ ಬೀದಿಯಲ್ಲಿ ಹೋದರು, ಈ ಬಾಗಿಲಲ್ಲಿ ಯಾರೂ ನಿಲ್ಲಲಿಲ್ಲ.

"ಈ ಸಲನಾದ್ರೂ ಅಂತಿದ್ದೆ," ಎಂದರು ಅತ್ತೆ. ಬೈದಿದ್ದರೆ ವಾಸಿಯಿತ್ತು ಎನ್ನಿಸಿತು ಜಿನಶ್ರೀಗೆ.

ಬರಹಸಂತೆಯ ಸಹಾಯವಾಣಿ ಹಿಡಿಯುವ ಹೊತ್ತಿಗೆ ಇನ್ನೆರಡು ದೋಸೆ ಸೀದಿದ್ದವು.

"ಹೇಳಿ ಮ್ಯಾಮ್, ಲೇಖಕರ ಬಳಗದಿಂದ ಯಶಸ್ವಿನಿ. ಅಯ್ಯೋ, ಜಿನಶ್ರೀ ಮ್ಯಾಮಾ? ಕಂಗ್ರಾಟ್ಸ್! ಈ ವಾರ ನೀವೇ ಟಾಪ್!"

"ಟಾಪು ಆಮೇಲಾಗ್ಲಿ. ನನ್ನ ಸಾರಿಗೆ ಅದನ್ನ ಹಾಕಿದ್ಯಾರು?"

"ಯಾವುದನ್ನ ಮ್ಯಾಮ್?"

ಜಿನಶ್ರೀ ಒಲೆಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. "ಅದೇ, ಒಗ್ಗರಣೆಗೆ ಹಾಕೀರಲ್ಲ, ಅದು."

"ಸಾಸಿವೆನಾ ಮ್ಯಾಮ್?"

"ಸಾಸಿವೆ ಅಲ್ಲ ಮಾರಾಯ್ತಿ!"

"ಕರಿಬೇವು?"

ಧರ್ಮಾವತಿ ಹಿತ್ತಿಲ ಬಾಗಿಲಿನತ್ತ ಕೈ ತೋರಿಸಿದರು. ಜಿನಶ್ರೀ ದಡದಡ ಹೊರಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು, ಬೆಳಿಗ್ಗೆಯಿಂದ ತಡೆದಿದ್ದನ್ನೆಲ್ಲ ಸೇರಿಸಿ ಕೂಗಿದಳು: "ಬೆಳ್ಳುಳ್ಳಿ!"

ಬೇಲಿಯಾಚೆ ಬಟ್ಟೆ ಹರವುತ್ತಿದ್ದ ಮೀನಾಕ್ಷಮ್ಮ ತಿರುಗಿದರು. "ಎಂತಕ್ಕೆ ಕೂಗ್ತೆ ಮಾರಾಯ್ತಿ, ನಮ್ಮನೇಲೂ ಇಲ್ಲೆ."

ಯಶಸ್ವಿನಿ ಸಮಾಧಾನದಿಂದ ವಿವರಿಸಿದಳು. "ನೀವೇ ಟಿಕ್ ಮಾಡಿ ಪರ್ಮಿಷನ್ ಕೊಟ್ಟಿದೀರ ಮ್ಯಾಮ್. ನಿಮ್ಮ ರೆಸಿಪಿಲಿ ಒಗ್ಗರಣೆ ಇತ್ತು, ಬೆಳ್ಳುಳ್ಳಿ ಇರ್ಲಿಲ್ಲ. ಮರ್ತಿದೀರ ಅಂತ ಸಿಸ್ಟಮ್ ಸೇರಿಸಿದೆ. ಬೇಡ ಅಂತ ನೀವೆಲ್ಲೂ ಬರ್ದಿಲ್ಲ."

ಬರೆದಿರಲಿಲ್ಲ, ನಿಜ. ಹೆಸರೇ ಎತ್ತದ ವಸ್ತುವನ್ನು ಬೇಡವೆಂದು ಬರೆಯುವುದಾದರೂ ಹೇಗೆ? ಒಲೆಯ ಮುಂದೆ ಕೂತು ಬರೆದ ಲೇಖನದಲ್ಲಿ ಒಲೆಯ ಮುಂದೆ ಆಡದ ಮಾತು ಬಂದಿರಲಿಲ್ಲ, ಅಷ್ಟೆ.

"ಬೇಡದ್ದನ್ನೆಲ್ಲ ಬರೀತಾ ಕೂತ್ಕಬೇಕಾ? ಸಾರಿಗೆ ಸೀಮೆಎಣ್ಣೆ ಬೇಡ ಅಂತ್ಲೂ ಬರ್ದಿಲ್ಲ ನಾನು. ಅದನ್ನೂ ಹೊಯ್ತೀರಾ?"

"ಅದಕ್ಕೆ ಸರ್ಚ್ ಇಲ್ಲ ಮ್ಯಾಮ್," ಎಂದಳು ಯಶಸ್ವಿನಿ. ಅವಳು ತಮಾಷೆ ಮಾಡುತ್ತಿರಲಿಲ್ಲ. "ಬೆಳ್ಳುಳ್ಳಿಗೆ ತುಂಬಾ ಇದೆ. ಬೆಳ್ಳುಳ್ಳಿ ಪ್ಲಸ್ ಜೈನ್ ಅಂದ್ರೆ ಇನ್ನೂ ಜಾಸ್ತಿ. ಜನ ಜಗಳ ಆಡ್ತಾರಲ್ಲ, ರೀಚ್ ಬರುತ್ತೆ."

"ಈಗ್ಲೇ ತೆಗೀರಿ."

"ಟ್ರೆಂಡಿಂಗಲ್ಲಿರೋದು ತಿಂಗಳ ಕೊನೇವರೆಗೆ ಲಾಕ್ ಮ್ಯಾಮ್. ನಿಮ್ಮ ಪೇಮೆಂಟ್ ಹೋಗ್ಬಿಡುತ್ತೆ ಅಂತ..."

"ಪೇಮೆಂಟು ಬೆಂಕಿಗೆ ಹಾಕು. ನನ್ನ ಹೆಸ್ರು ತೆಗಿ."

"ಕಾಮೆಂಟ್ ಹಾಕ್ಬಹುದು ಮ್ಯಾಮ್ ನೀವು, ಕೆಳಗಡೆ."

ತನ್ನ ಹೆಸರಿನ ಲೇಖನದ ಕೆಳಗೆ ಜಿನಶ್ರೀ ಕಾಮೆಂಟು ಹಾಕಿದಳು: 'ಇದು ನಾನು ಬರೆದದ್ದಲ್ಲ. ನಮ್ಮ ಮನೆಯಲ್ಲಿ ಇದನ್ನು ಬಳಸುವುದಿಲ್ಲ.' ಅರ್ಧ ಗಂಟೆಯಲ್ಲಿ ಉತ್ತರಗಳು ಬಂದವು. ಒಬ್ಬರು 'ಹಾಗಾದರೆ ನೀವು ಯಾರು?' ಎಂದು ಕೇಳಿದ್ದರು. ಇನ್ನೊಬ್ಬರು 'ಪಬ್ಲಿಸಿಟಿ ಗಿಮಿಕ್' ಎಂದಿದ್ದರು. ಮತ್ತೊಬ್ಬ ಮಹಾಶಯರು, 'ಒಮ್ಮೆ ಹಾಕಿ ನೋಡಿ ಸಹೋದರಿ, ಸಾರಿಗೆ ಒಳ್ಳೆ ಘಮ ಬರುತ್ತದೆ' ಎಂದು ಕೈಮುಗಿಯುವ ಚಿತ್ರ ಹಾಕಿದ್ದರು. ಈ ಮಾತುಕತೆಯಿಂದಾಗಿ ಲೇಖನ ಇನ್ನಷ್ಟು ಮೇಲೇರಿತು.

ಶುಕ್ರವಾರ ಬಸದಿ ಸಮಿತಿಯ ಅಧ್ಯಕ್ಷರಾದ ಜಯಕೀರ್ತಿಯವರು ಬಂದರು. ಪಾತ್ರೆ ಅಂಗಡಿ ಇಟ್ಟು ಮೇಲೆ ಬಂದವರು. ಯಾವ ಮಾತನ್ನೂ ಸ್ಟೀಲಿನಂತೆ ಉಜ್ಜಿ ಹೊಳಪು ಕೊಟ್ಟೇ ಹೊರಗಿಡುವವರು.

"ಜೈ ಜಿನೇಂದ್ರ, ಧರ್ಮಾವತಕ್ಕ. ಮಂಡಿ ಹೆಂಗದೆ?" ಎಂದು ಕೂತರು. ನೀರು ಕೊಟ್ಟರೆ ಒಂದು ಗಳಿಗೆ ಲೋಟವನ್ನೇ ನೋಡಿ, ಕುಡಿಯದೆ ಪಕ್ಕಕ್ಕಿಟ್ಟರು. ಜಿನಶ್ರೀ ಅದನ್ನು ನೋಡಿದಳು.

"ಗ್ರೂಪಲ್ಲೆಲ್ಲ ಬಂದ್ಬಿಟ್ಟಿದೆ. ನಾನು ನಂಬಲ್ಲ ಬಿಡಿ. ಆದ್ರೆ ಜನ? ಭಾನ್ವಾರ ಮುನಿಗಳು ಬರ್ತಾರೆ, ಅವರ ಕಿವಿಗೆ ಬಿದ್ರೆ ಊರಿಗೆ ಕೆಟ್ಟ ಹೆಸ್ರು. ಅದಕ್ಕೆ, ಈ ಸಲ ನೀವು ಕಳಶ ಹಿಡಿಯೋದು ಬೇಡ ಅಂತ. ನಮ್ಮನೆಗೆ ಬಂದು ಕೈಜೋಡಿಸಿ, ಅದೂ ಪುಣ್ಯನೇ ಅಲ್ದಾ?"

"ಗ್ರೂಪಿಗೆ ಹಾಕಿದ್ದು ಯಾರು ಮಾವ?" ಎಂದಳು ಜಿನಶ್ರೀ.

"ಯಾರೋ. ನಾನೂ ಒಂದೆರಡು ಕಡೆ ಕಳಿಸ್ದೆ, ವಿಚಾರಿಸೋಣ ಅಂತ."

ಹೊಸನಗರದಲ್ಲಿ ಗೋಬಿಮಂಚೂರಿ ತಿನ್ನುವ ಜೈನರಿಲ್ಲ. ಅದಕ್ಕೆ ಸಾಗರವಿದೆ. ಸಾಗರದವರಿಗೆ ತೀರ್ಥಹಳ್ಳಿ ಇದೆ. ತೀರ್ಥಹಳ್ಳಿಯವರು ಎಲ್ಲಿಗೆ ಹೋಗುತ್ತಾರೋ, ಪ್ರಾಯಶಃ ಹೊಸನಗರಕ್ಕೇ ಬರುತ್ತಾರೆ. ಈ ವ್ಯವಸ್ಥೆ ಎಲ್ಲರಿಗೂ ಗೊತ್ತಿದ್ದು, ಯಾರೂ ಬಾಯಿಬಿಡುವುದಿಲ್ಲ. ಜಿನಶ್ರೀ ಬಾಯಿಬಿಟ್ಟಳು.

"ಹೋದ ತಿಂಗ್ಳು ಸಾಗರದ ಬಸ್‌ಸ್ಟ್ಯಾಂಡ್ ಹತ್ರ ನಿಮ್ಮ ಮಗ ಋಷಭ್ ಸಿಕ್ಕಿದ್ದ ಮಾವ. ಗೋಬಿ ಗಾಡಿ ಪಕ್ಕ ಪ್ಲೇಟ್ ಹಿಡ್ಕಂಡು ನಿಂತಿದ್ದ. ನನ್ನ ನೋಡಿ ಪ್ಲೇಟ್ ಹಿಂದೆ ಮುಚ್ಚಿಟ್ಕಂಡ. ಪಾಪ, ವಾಸನೆ ಹೆಂಗೆ ಮುಚ್ತಾನೆ? ಪಕ್ಕದಲ್ಲಿ ಕಾರಿನ ಗ್ಲಾಸ್ ಏರ್ಸಿ ಕೂತಿದ್ದವ್ರು ಯಾರು ಅಂತ ನಾನು ಬಗ್ಗಿ ನೋಡ್ಲಿಲ್ಲ. ಕಾರಿನ ನಂಬರ್ ಮಾತ್ರ ಗೊತ್ತು."

"ಜಿನಶ್ರೀ," ಎಂದರು ಅತ್ತೆ.

"ಇರಿ ಅತ್ತೆ. ತಿಂದವ್ರು ಕಳಶ ಹಿಡೀಬಹುದು. ತಿನ್ದೆ ಇದ್ರೂ ಯಂತ್ರ ಹೆಸ್ರು ಹಾಕಿದ್ದಕ್ಕೆ ನಾವು ಹಿಡೀಬಾರ್ದು. ಇದ್ಯಾವ ಶಾಸ್ತ್ರ ಮಾವ? ನಮ್ಮ ಬಾಗ್ಲಲ್ಲಿ ನಾವು ನಿಲ್ಲೋಕೆ ಸಮಿತಿ ರೆಸಲ್ಯೂಷನ್ ಬೇಕಾ?"

ಜಯಕೀರ್ತಿಯವರ ಮುಖ ಕೆಂಪೇರಿ, ಮತ್ತೆ ಹೊಳಪಿಗೆ ಬಂತು. ನಿಧಾನವಾಗಿ ಎದ್ದರು. "ನಿಲ್ಲಮ್ಮ, ಯಾರು ಬೇಡ ಅಂದ್ರು. ಆದ್ರೆ ಮುನಿಗಳನ್ನ ಒಳಗೆ ಕರೆಯೋ ಮುಂಚೆ ಅಡುಗೆ ಮಾಡಿದವ್ರು ಬಾಯಿಬಿಟ್ಟು ಹೇಳ್ಬೇಕಲ್ಲ, ಮನಃಶುದ್ಧಿ, ವಚನಶುದ್ಧಿ, ಕಾಯಶುದ್ಧಿ ಅಂತ? ಹೇಳದಿದ್ರೆ ಅವ್ರು ಒಳಗೆ ಬರಲ್ಲ. ವಚನಶುದ್ಧಿ ಅನ್ನೋವಾಗ ನಿನ್ನ ಮನಸ್ಸಿಗೇ ಬಿಟ್ಟಿದ್ದು." ಹೊಸ್ತಿಲು ದಾಟುವಾಗ ಮತ್ತೊಮ್ಮೆ ಜೈ ಜಿನೇಂದ್ರ ಎಂದರು.

ಲೋಟದ ನೀರನ್ನು ಧರ್ಮಾವತಿ ದಾಸವಾಳದ ಬುಡಕ್ಕೆ ಚೆಲ್ಲಿ ಬಂದರು. "ನಿಲ್ತೀವಿ," ಎಂದರು. "ನನ್ನ ಕೈಲಿ ಇನ್ನೆಷ್ಟು ಸಲ ಆಗ್ತದೆ?"

ಶನಿವಾರ ಜಿನೇಶ ಪೈಪಿನ ಅಂಗಡಿ ಬೇಗ ಮುಚ್ಚಿ, ಎರಡು ಕೈಚೀಲ ತುಂಬ ದಾಳಿಂಬೆ, ದ್ರಾಕ್ಷಿ ಹಿಡಿದು ಬಂದ. ಹೆಂಡತಿಯ ಸಿಟ್ಟನ್ನು ಹಣ್ಣಿನಿಂದ ಇಳಿಸಬಹುದೆಂದು ನಂಬಿದವನು.

"ನೋಡು, ಒಳ್ಳೇದೂ ಆಗಿದೆ. ನಿನ್ನ ದುಡ್ಡು ಬಂತು, ಸಂತೇದು. ನನ್ನ ಅಕೌಂಟ್ ಕೊಟ್ಟಿದ್ದೆಯಲ್ಲ. ಮುನಿಗಳ ಆಹಾರಕ್ಕೆ ಅದ್ರಲ್ಲೇ ತಂದೆ. ನಿನ್ನ ಬರವಣಿಗೆ ದುಡ್ಡು ಧರ್ಮಕ್ಕೆ ಹೋದ್ರೆ ಚಲೋ ಅಲ್ದನೆ?"

ಜಿನಶ್ರೀ ದಾಳಿಂಬೆಯೊಂದನ್ನು ಕೈಗೆತ್ತಿಕೊಂಡಳು. ಬರೆದು ಸಂಪಾದಿಸಿದ ಮೊದಲ ದುಡ್ಡು. ಕಾಲೇಜಿನ ದಿನಗಳಿಂದ ಅದರಲ್ಲಿ ಏನು ಕೊಳ್ಳಬೇಕೆಂದು ಎಷ್ಟೆಲ್ಲ ಯೋಚಿಸಿದ್ದಳೋ.

"ಇದನ್ನ ಅಡುಗೆಮನೆಗೆ ತರ್ಬೇಡಿ," ಎಂದಳು.

"ಅಯ್ಯ, ದಾಳಿಂಬೆಗೆಂತ ಆಗಿದೆ?"

"ವಾಸ್ನೆ."

ಜಿನೇಶ ಹಣ್ಣನ್ನು ಮೂಸಿ ನೋಡಿದ. ನಿಜವಾಗಿ ಮೂಸಿದ. ಆಮೇಲೆ ಚೀಲಗಳನ್ನು ಜಗಲಿಯಲ್ಲಿಟ್ಟು, ತನ್ನ ಜೇಬಿನ ದುಡ್ಡಲ್ಲಿ ಬೇರೆ ತರಲು ಹೋದ.

ಭಾನುವಾರ ಕೇರಿಯ ಐದಾರು ಬಾಗಿಲುಗಳಲ್ಲಿ ರಂಗೋಲಿ ಬಿದ್ದಿತ್ತು. ಮುನಿಗಳು ಬಸದಿಯಿಂದ ಹೊರಟು, ಬಲಗೈ ಬೆರಳುಗಳನ್ನು ಕೂಡಿಸಿ ಭುಜಕ್ಕಿಟ್ಟುಕೊಂಡು, ನೆಲ ನೋಡುತ್ತ ನಡೆದು ಬಂದರು. ಇರುವೆಯೊಂದಕ್ಕೆ ದಾರಿಬಿಟ್ಟು ಒಂದು ಹೆಜ್ಜೆ ಪಕ್ಕಕ್ಕಿಟ್ಟರು. "ನಮೋಸ್ತು, ನಮೋಸ್ತು, ಅತ್ರ ತಿಷ್ಠ, ಅತ್ರ ತಿಷ್ಠ" ಎಂದು, ಇಲ್ಲೇ ನಿಲ್ಲಿರೆಂದು, ಬಾಗಿಲು ಬಾಗಿಲಲ್ಲೂ ಕಳಶ ಹಿಡಿದವರು ಕೂಗಿದರು. ಮೊದಲ ಮನೆ ದಾಟಿತು, ಎರಡನೆಯದೂ ದಾಟಿತು. ಜಿನಶ್ರೀ ಒದ್ದೆ ಕೂದಲಲ್ಲಿ, ಬಿಳಿ ಸೀರೆಯಲ್ಲಿ ಕಳಶ ಹಿಡಿದಿದ್ದಳು. ಪಕ್ಕದಲ್ಲಿ ಧರ್ಮಾವತಿ ಗೋಡೆ ಹಿಡಿದು ನಿಂತಿದ್ದರು. ಒಳಗೆ, ಮುಚ್ಚಿದ ಪಾತ್ರೆಯಲ್ಲಿ, ಬಾಳೆಕಾಯಿ ಸಾರಿತ್ತು.

ಮುನಿಗಳು ಅವರ ಬಾಗಿಲಲ್ಲಿ ನಿಂತರು.

ಧರ್ಮಾವತಿಯವರ ಗಂಟಲಿನಿಂದ ಸಣ್ಣದೊಂದು ಸದ್ದು ಬಂತು. ಮಂಡಿ ಮರೆತು ಮೂರು ಸುತ್ತು ಪ್ರದಕ್ಷಿಣೆ ಬಂದರು. ಹಿಂದೆ ಜಿನೇಶ, ಜಿನಶ್ರೀ. ಸುತ್ತು ಮುಗಿಯಿತು. ಇನ್ನು ಅಡುಗೆ ಮಾಡಿದವಳ ಮಾತು.

"ಮನಃಶುದ್ಧಿ," ಎಂದಳು ಜಿನಶ್ರೀ.

ಮುಂದಿನದು ಬಾಯಿಪಾಠ. ಏಳನೆಯ ವಯಸ್ಸಿನಿಂದ ಗೊತ್ತಿದ್ದದ್ದು. ಬೀದಿಯಲ್ಲಿ ಕೈಮುಗಿದು ನಿಂತವರಲ್ಲಿ ಎಷ್ಟು ಜನರ ಜೇಬಿನಲ್ಲಿ ಆ ಲೇಖನ ಇದೆಯೋ ಎಂದುಕೊಂಡಳು. ಅವರು ಏನೆಂದುಕೊಂಡರೂ ಅವಳಿಗೆ ಲೆಕ್ಕಕ್ಕಿರಲಿಲ್ಲ. ಆದರೆ ಈ ಹೊತ್ತಿನಲ್ಲೂ ಯಾವುದೋ ಊರಿನ ಯಾವಳೋ, ಜಿನಶ್ರೀ ಜಿನೇಶ್ ಹೇಳಿದ್ದಾಳೆಂದು, ಎಂಟು ಎಸಳು ಸುಲಿಯುತ್ತಿರಬಹುದು. ವಚನ ತನ್ನದಲ್ಲ, ಹೆಸರು ತನ್ನದು. ಎದುರಿಗೆ ನಿಂತವರು ಇರುವೆಗೆ ದಾರಿ ಬಿಟ್ಟು ಬಂದವರು. ಅವರ ಮುಂದೆ ವಚನಶುದ್ಧಿ ಎಂಬ ಆ ಒಂದು ಪದ ನಾಲಿಗೆಯ ಮೇಲೆ ಬಂದು ಕೂತಿತು, ಹೊರಗೆ ಬರಲಿಲ್ಲ.

"ಹೇಳೇ," ಎಂದರು ಧರ್ಮಾವತಿ, ಉಸಿರಿನಲ್ಲಿ. "ಹೇಳೇ ಮಗಳೇ."

ಮುನಿಗಳು ಕಾದರು. ಮುಖದಲ್ಲಿ ಸಿಟ್ಟಾಗಲಿ ಆತುರವಾಗಲಿ ಇರಲಿಲ್ಲ. ಒಂದು ಗಳಿಗೆಯಾದ ಮೇಲೆ ಅವರು ನೆಲ ನೋಡಿ, ಹೆಜ್ಜೆ ಎತ್ತಿಟ್ಟರು.

ಮುಂದಿನ ಮನೆ ಜಯಕೀರ್ತಿಯವರದು. ಅಲ್ಲಿ ಎಲ್ಲರೂ ಸೇರಿ, ಋಷಭನೂ ಸೇರಿ, ಮನಃಶುದ್ಧಿ ವಚನಶುದ್ಧಿ ಕಾಯಶುದ್ಧಿ ಎಂದು ಒಂದೇ ಉಸಿರಿಗೆ ಹೇಳಿದರು. ಆಹಾರ ಯಾವ ಅಡ್ಡಿಯೂ ಇಲ್ಲದೆ ನಡೆಯಿತು.